ಕಣ್ಣು ಕಾಣದ, ಕಿವಿ ಕೇಳದ ಪುಟ್ಟಿಯ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳಲಿ?

ಭಾನುವಾರದ ಕಥೆಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಾಲ್‌ನಲ್ಲಿ ಓಣಿಯ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಹನ್ನೆರಡು ಹದಿಮೂರು ಮಕ್ಕಳು ಬರುತ್ತಾರೆ. ಹೋದ ತಿಂಗಳು ಎದುರು ಮನೆಗೆ ಒಂದು ಕುಟುಂಬ ಬಾಡಿಗೆಗೆ ಬಂದಿದೆ. ಅವರ ಮಗಳಿಗೆ ಎಂಟು ವರ್ಷ. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಕಣ್ಣೂ ಕಾಣುವುದಿಲ್ಲ. ಬೆಳಕು ಕತ್ತಲೆ ಮಾತ್ರ ಸ್ವಲ್ಪ ಗೊತ್ತಾಗುತ್ತದಂತೆ. ಇಲ್ಲಿ ಅವಳ ಹೆಸರು ಬರೆಯುವುದಿಲ್ಲ, ಪುಟ್ಟಿ ಅಂತ ಕರೆಯುತ್ತೇನೆ.

ಸಂಜೆ ಪುಟ್ಟಿ ಅವರಮ್ಮನ ಜೊತೆ ಕಟ್ಟೆ ಮೇಲೆ ಕೂತಿರುತ್ತಾಳೆ. ನಮ್ಮ ಮಕ್ಕಳು ದೂರ ನಿಂತು ನೋಡುತ್ತಾರೆ. ಮೊನ್ನೆ ಒಬ್ಬ ಹುಡುಗ ಹತ್ತಿರ ಹೋಗಿ ಅವಳ ಮುಖದ ಮುಂದೆ ಕೈ ಆಡಿಸಿ ನೋಡಿದ. ನಾನು ಬಯ್ದು ಕಳಿಸಿದೆ, ಆಮೇಲೆ ನನಗೇ ಬೇಜಾರಾಯಿತು, ಯಾಕೆಂದರೆ ಅವನು ಕೆಟ್ಟ ಹುಡುಗ ಅಲ್ಲ, ಅವನಿಗೆ ಯಾರೂ ಏನೂ ಹೇಳಿಯೇ ಇರಲಿಲ್ಲ. ಭಾನುವಾರ ಮಕ್ಕಳು ಕೇಳಿದ ಪ್ರಶ್ನೆಗಳು ನೋಡಿ: ಅವಳಿಗೆ ಅಮ್ಮ ಯಾರು ಅಂತ ಹೇಗೆ ಗೊತ್ತಾಗುತ್ತೆ? ಹಸಿವಾದರೆ ಹೇಗೆ ಹೇಳ್ತಾಳೆ? ಅವಳನ್ನ ಮುಟ್ಟಿದರೆ ನಮಗೂ ಹಾಗೇ ಆಗುತ್ತಾ? ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಅದಕ್ಕೆ ಒಂದು ಸಣ್ಣ ಕಥೆ ಬರೆದೆ. ರಾತ್ರಿ ಮನೆಯಲ್ಲಿ ಓದಿದಾಗ ನಮ್ಮತ್ತೆ ಕಣ್ಣೀರು ಹಾಕಿದರು, ನನಗೂ ಗಂಟಲು ಕಟ್ಟಿತು. ಮೂರನೇ ಕ್ಲಾಸಿನ ನನ್ನ ಮಗಳು ಮಾತ್ರ ಸುಮ್ನೆ ಕೇಳಿಸಿಕೊಂಡು, "ಅಮ್ಮ, ಆ ಹುಡುಗಿ ಕಥೇಲಿ ಏನೂ ಮಾಡಲೇ ಇಲ್ವಲ್ಲ?" ಅಂದಳು. ಮತ್ತೆ ಓದಿ ನೋಡಿದೆ. ನಿಜ. ಮೂರು ಪುಟ ಪೂರ್ತಿ ಎಲ್ಲರೂ ಅವಳಿಗಾಗಿ ಅಳುತ್ತಾರೆ, ಅವಳು ಒಂದು ಮೂಲೆಯಲ್ಲಿ ಕೂತಿರುತ್ತಾಳೆ, ಅಷ್ಟೇ.

ಇಂಥ ಮಗುವಿನ ಬದುಕು ಹೇಗಿರುತ್ತದೆ ಅಂತ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಕಥೆ ಎಲ್ಲಿಂದ ಶುರು ಮಾಡಲಿ?

ಕೋಟೆ ಊರಿನ ಟೀಚರ್, ಚಿತ್ರದುರ್ಗ

ಮೇಡಂ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ನಾನು ವಿಶೇಷ ಮಕ್ಕಳ ಶಿಕ್ಷಕಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತೇನೆ. ಅಲ್ಲಿ ನೋಡಿದ್ದನ್ನೇ ಬರೆಯುತ್ತೇನೆ.

ಅವಳಿಗೆ ಏನು ಇಲ್ಲ ಅನ್ನುವುದರಿಂದ ಶುರು ಮಾಡಬೇಡಿ, ಅವಳಿಗೆ ಏನು ಬೇಕು ಅನ್ನುವುದರಿಂದ ಶುರು ಮಾಡಿ. ನಾನು ಹೋಗುವ ಒಂದು ಮನೆಯಲ್ಲಿ ಒಂಬತ್ತು ವರ್ಷದ ಹುಡುಗ ಇದ್ದಾನೆ. ಅವನ ಹಾಸಿಗೆ ಪಕ್ಕದಲ್ಲಿ ಖಾನೆ ಖಾನೆ ಇರುವ ಒಂದು ಮರದ ಪೆಟ್ಟಿಗೆ ಇದೆ. ಮೊದಲ ಖಾನೆಯಲ್ಲಿ ಬ್ರಷ್, ಎರಡನೆಯದರಲ್ಲಿ ಚಮಚ, ಮೂರನೆಯದರಲ್ಲಿ ಟವೆಲ್ ಚೂರು, ನಾಲ್ಕನೆಯದರಲ್ಲಿ ಹಳೆ ಚೀಲದ ಪಟ್ಟಿ. ಅಂದರೆ ಹಲ್ಲುಜ್ಜುವುದು, ತಿಂಡಿ, ಸ್ನಾನ, ಹೊರಗೆ ಹೋಗುವುದು. ಬೆಳಿಗ್ಗೆ ಎದ್ದ ತಕ್ಷಣ ಎಲ್ಲ ಖಾನೆಗೂ ಕೈ ಹಾಕಿ ನೋಡುತ್ತಾನೆ. ಅದು ಅವನ ಕ್ಯಾಲೆಂಡರ್. ಒಂದು ಕೆಲಸ ಮುಗಿದರೆ ಆ ವಸ್ತುವನ್ನು ಕೊನೆಯಲ್ಲಿರುವ ಡಬ್ಬಿಗೆ ಹಾಕುತ್ತಾನೆ, "ಮುಗೀತು" ಅಂತ ಅರ್ಥ. ಒಂದು ದಿನ ನಾನು ಹೋದಾಗ ಟವೆಲ್ ಚೂರನ್ನು ಸ್ನಾನಕ್ಕೆ ಮುಂಚೆಯೇ ಆ ಡಬ್ಬಿಗೆ ಹಾಕಿಬಿಟ್ಟಿದ್ದ! ಸ್ನಾನ ತಪ್ಪಿಸಿಕೊಳ್ಳುವ ಉಪಾಯ. ಇದನ್ನು ನಿಮ್ಮ ಮಕ್ಕಳಿಗೆ ಹೇಳಿ ನೋಡಿ. ಸ್ನಾನ ಬೇಡ ಅನ್ನುವ ಹುಡುಗ ಎಲ್ಲರ ಮನೆಯಲ್ಲೂ ಇದ್ದಾನೆ, ತಕ್ಷಣ ಗುರುತು ಹಿಡಿಯುತ್ತಾರೆ.

ಅಮ್ಮ ಯಾರು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದಕ್ಕೆ: ವಾಸನೆ, ಬಳೆ, ಕೈಯ ಒರಟು, ಎತ್ತಿಕೊಳ್ಳುವ ರೀತಿ. ನಾನು ಯಾವಾಗಲೂ ಎಡಗೈಗೆ ದಪ್ಪ ಪಟ್ಟಿಯ ವಾಚ್ ಕಟ್ಟಿಕೊಂಡು ಹೋಗುತ್ತೇನೆ. ಆ ಹುಡುಗ ಮೊದಲು ಅದನ್ನು ಮುಟ್ಟುತ್ತಾನೆ, ಟೀಚರ್ ಬಂದರು ಅಂತ ಅರ್ಥ. ಅವನ ಕೈಭಾಷೆಯಲ್ಲಿ ನನ್ನ ಹೆಸರೇ ಮಣಿಕಟ್ಟು ಹಿಡಿಯುವುದು.

ಮಾತಾಡುವ ಬಗೆಗಳು ಬೇರೆ ಬೇರೆ ಇವೆ. ಕೆಲವರು ಅಂಗೈಯಲ್ಲಿ ಬೆರಳಿಂದ ಅಕ್ಷರ ಬರೆಯುತ್ತಾರೆ. ಕೆಲವರು ಕೈಸನ್ನೆ ಮಾಡುತ್ತಾರೆ, ಮಗು ಆ ಕೈಗಳ ಮೇಲೆ ತನ್ನ ಕೈ ಇಟ್ಟು ಓದುತ್ತದೆ. ಒಂದು ಮಾತು ಮರೆಯಬೇಡಿ, ಅವಳ ಕೈ ಹಿಡಿದು ಎಳೆಯಬಾರದು. ನಿಮ್ಮ ಕೈಯನ್ನು ಅವಳ ಕೈ ಕೆಳಗೆ ಇಡಬೇಕು, ಮೇಲೆ ಅಲ್ಲ. ಆಗ ಬೇಡ ಅನಿಸಿದರೆ ಅವಳು ಕೈ ತೆಗೆಯಬಹುದು. ನಮ್ಮ ಕಣ್ಣಿಗೆ ಯಾರಾದರೂ ಬೆರಳು ಹಾಕಿ ತೆರೆಸಿ "ನೋಡು" ಅಂದರೆ ಹೇಗಿರುತ್ತದೆ, ಅವಳ ಕೈ ಎಳೆಯುವುದೂ ಹಾಗೇ. ಅವಳ ಕೈಯೇ ಅವಳ ಕಣ್ಣು, ಅವಳ ಕಿವಿ, ಜೊತೆಗೆ ಅವಳ ಬಾಯಿ ಕೂಡ.

ಚಿಕ್ಕಂದಿನಲ್ಲೇ ಕಣ್ಣು ಕಿವಿ ಎರಡೂ ಕಳೆದುಕೊಂಡ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಕಥೆ ಹೇಳುತ್ತೀರಾದರೆ ನೀರಿನ ಪಂಪಿನ ಪ್ರಸಂಗ ಒಂದನ್ನೇ ಹೇಳಿ ಮುಗಿಸಬೇಡಿ. 1887ರ ಏಪ್ರಿಲ್ 5ರಂದು ಟೀಚರ್ ಆನ್ ಸುಲಿವನ್ ಅವಳ ಒಂದು ಕೈ ಮೇಲೆ ನೀರು ಬಿಟ್ಟು, ಇನ್ನೊಂದು ಕೈಯಲ್ಲಿ ಬೆರಳಿಂದ ನೀರು ಅನ್ನುವ ಪದದ ಅಕ್ಷರ ಮೂಡಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ಹೆಲೆನ್ ಮಕ್ಕಳಿಗೆ ಇನ್ನೂ ಇಷ್ಟವಾಗುತ್ತಾಳೆ. ಟೀಚರ್ ಬರುವ ಮೊದಲೇ ಅವಳು ಸ್ವಂತವಾಗಿ ಎಷ್ಟೋ ಸನ್ನೆ ಮಾಡಿಕೊಂಡಿದ್ದಳು. ಐಸ್‌ಕ್ರೀಂ ಬೇಕಾದರೆ ಐಸ್‌ಕ್ರೀಂ ಯಂತ್ರ ತಿರುಗಿಸುವ ಹಾಗೆ ಮಾಡಿ ಚಳಿಯಿಂದ ನಡುಗಿ ತೋರಿಸುತ್ತಿದ್ದಳು. ಅಡುಗೆಯವರ ಮಗಳು ಮಾರ್ಥಾ ವಾಷಿಂಗ್‌ಟನ್ ಅಂತ ಒಬ್ಬಳು ಗೆಳತಿ ಇದ್ದಳು, ಅವಳಿಗೆ ಈ ಸನ್ನೆಗಳೆಲ್ಲ ಅರ್ಥವಾಗುತ್ತಿದ್ದವು. ಇಬ್ಬರೂ ಸೇರಿ ಹಿಟ್ಟು ಕಲಸುವುದು, ಕೋಳಿಗಳಿಗೆ ಕಾಳು ಹಾಕುವುದು, ಜಗಳ ಆಡುವುದು ಎಲ್ಲಾ ನಡೆಯುತ್ತಿತ್ತು. ಒಮ್ಮೆ ಹೆಲೆನ್ ಮಾರ್ಥಾಳ ಕೂದಲು ಕತ್ತರಿಸಿದಳು, ಮಾರ್ಥಾ ಹೆಲೆನ್‌ದೂ ಒಂದು ಗುಂಗುರು ಕತ್ತರಿಸಿದಳು. ಇನ್ನೊಮ್ಮೆ ಅಮ್ಮನನ್ನು ಉಗ್ರಾಣದ ಕೋಣೆಯೊಳಗೆ ಹಾಕಿ ಬೀಗ ಹಾಕಿ, ಹೊರಗೆ ಮೆಟ್ಟಿಲ ಮೇಲೆ ಕೂತು, ಅಮ್ಮ ಬಾಗಿಲು ಬಡಿಯುವ ಅದುರು ಮೈಗೆ ತಾಗಿದ್ದಕ್ಕೆ ಖುಷಿಪಟ್ಟಳು. ಇದೆಲ್ಲ ಅವಳೇ ಬರೆದುಕೊಂಡಿರುವುದು.

ಟೀಚರ್ ಕಥೆ ಎಲ್ಲರೂ ಹೇಳುತ್ತಾರೆ, ಮಾರ್ಥಾ ಕಥೆ ಯಾರೂ ಹೇಳುವುದಿಲ್ಲ. ನಿಮ್ಮ ಮಕ್ಕಳಿಗೆ ಬೇಕಾಗಿರುವುದು ಮಾರ್ಥಾ.

ಮಂಡಕ್ಕಿ ಭಟ್ಟಿ ಹತ್ತಿರದವಳು, ದಾವಣಗೆರೆ

ಅಕ್ಕ, ನಾನು ಇಂಥ ಒಬ್ಬ ಮಗನ ತಾಯಿ. ಅವನಿಗೆ ಹನ್ನೊಂದು ವರ್ಷ. ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ, ಬರೆಯಲೋ ಬೇಡವೋ ಅಂತ. ಬರೆಯುತ್ತಿದ್ದೇನೆ.

ಮೊದಲು ಆ "ಮುಟ್ಟಿದರೆ ನಮಗೂ ಆಗುತ್ತಾ" ಪ್ರಶ್ನೆಗೆ ನೇರವಾಗಿ ಉತ್ತರ ಕೊಡಿ. ಇಲ್ಲ. ಅವಳ ಕೈ ಹಿಡಿದರೆ, ಪಕ್ಕ ಕೂತರೆ, ಅವಳ ಜೊತೆ ಊಟ ಮಾಡಿದರೆ ಯಾರ ಕಣ್ಣೂ ಕಿವಿಯೂ ಹೋಗುವುದಿಲ್ಲ. ಮಕ್ಕಳಿಗಿಂತ ಅವರ ಮನೆಯ ದೊಡ್ಡವರಿಗೆ ಇದನ್ನು ಜಾಸ್ತಿ ಹೇಳಬೇಕು. ನಮ್ಮ ಹಳೆಯ ಮನೆಯ ಪಕ್ಕದವರು ತಮ್ಮ ಬಸುರಿ ಸೊಸೆಯನ್ನು ನನ್ನ ಮಗನ ಮುಂದೆ ಹಾಯಲು ಬಿಡುತ್ತಿರಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ಮಗನಿಗೆ ಆಗಿದ್ದು ರುಬೆಲ್ಲಾ ಅನ್ನುವ ಸೋಂಕಿನಿಂದ. ನಾನು ಬಸುರಿಯಾಗಿ ಮೂರನೇ ತಿಂಗಳಲ್ಲಿ ಜ್ವರ ಬಂದು ಮೈ ಮೇಲೆ ಕೆಂಪು ಗುಳ್ಳೆ ಎದ್ದಿತ್ತು. ತೋರಿಸಿದ ಕಡೆ ಅಲರ್ಜಿ ಅಂತ ಮಾತ್ರೆ ಕೊಟ್ಟು ಕಳಿಸಿದರು. ಮಗು ಹುಟ್ಟಿದಾಗ ಎರಡೂ ಕಣ್ಣಿಗೆ ಪೊರೆ, ಹೃದಯದಲ್ಲಿ ತೊಂದರೆ, ಕಿವಿ ಕೇಳಲ್ಲ ಅಂತ ಗೊತ್ತಾಗಿದ್ದು ಇನ್ನೂ ತಡವಾಗಿ. ಈಗ ಮಕ್ಕಳಿಗೆಲ್ಲ ದಡಾರದ ಜೊತೆ ರುಬೆಲ್ಲಾ ಲಸಿಕೆಯೂ ಸೇರಿಸಿ ಹಾಕುತ್ತಾರೆ, 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ದೊಡ್ಡ ಅಭಿಯಾನ ನಡೆಯಿತು. ಶಾಲೆಗಳಲ್ಲಿ ಹಾಕುವಾಗ ಕೆಲವರು ಹೆದರಿ ಮಕ್ಕಳನ್ನು ಕಳಿಸಲಿಲ್ಲ. ನಾನು ಮನೆಮನೆಗೆ ಹೋಗಿ ಹೇಳಿದೆ. ಎಲ್ಲ ಮಕ್ಕಳಿಗೂ ರುಬೆಲ್ಲಾದಿಂದಲೇ ಆಗುವುದಿಲ್ಲ, ಕೆಲವರಿಗೆ ಮೆದುಳು ಜ್ವರದಿಂದ, ಕೆಲವರಿಗೆ ವಂಶದಲ್ಲಿ ಬಂದ ಕಾಯಿಲೆಯಿಂದ, ತೀರಾ ಬೇಗ ಹುಟ್ಟಿದ್ದರಿಂದಲೂ ಆಗುತ್ತದೆ. ಪಾಪ ಮಾಡಿದ್ದಕ್ಕೆ ಆಗುವುದಿಲ್ಲ. ಇದು ನಿಮ್ಮ ಕಥೆಯಲ್ಲಿ ಒಂದು ಸಾಲಾದರೂ ಇರಲಿ.

ಈಗ ಅವನ ಬಗ್ಗೆ ಹೇಳುತ್ತೇನೆ. ಅವನಿಗೆ ಈ ಊರು ನನಗಿಂತ ಚೆನ್ನಾಗಿ ಗೊತ್ತು. ಆಟೋದಲ್ಲಿ ಹೋಗುವಾಗ ಮಂಡಕ್ಕಿ ಭಟ್ಟಿಯ ಬಿಸಿ ಮತ್ತು ಹೊಗೆ ಮೂಗಿಗೆ ಬಂತೆಂದರೆ ಮನೆ ಬಂತು ಅಂತ ಚಪ್ಪಲಿ ಹುಡುಕುತ್ತಾನೆ. ದೋಸೆ ಹೋಟೆಲ್ ಮುಂದೆ ಕಾದ ಬೆಣ್ಣೆ ವಾಸನೆ ಬಂದರೆ ನನ್ನ ಸೆರಗು ಎರಡು ಸಲ ಜಗ್ಗುತ್ತಾನೆ. ಒಂದು ಸಲ ಜಗ್ಗಿದರೆ ನೀರು, ಎರಡು ಸಲ ಅಂದರೆ ದೋಸೆ. ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳಿನ ಹತ್ತಿರ ನಿಲ್ಲಿಸಿದರೆ ಎದೆಗೆ ಕೈ ಒತ್ತಿಕೊಂಡು ನಿಲ್ಲುತ್ತಾನೆ, ಎಳೆದರೂ ಬರಲ್ಲ. ಮನೆಯಲ್ಲಿ ಊದಿದ ಬಲೂನು ತಬ್ಬಿಕೊಂಡು ಟಿವಿ ಸ್ಪೀಕರ್ ಮುಂದೆ ಕೂರುತ್ತಾನೆ. ಹಾಡು ಬಲೂನಿನೊಳಗೆ ಅದುರುತ್ತದೆ.

ಆದರೆ ಟೀಚರ್ ಮೇಡಂ ಹೇಳಿದ ಹಾಗೆ ಬರೀ ತುಂಟಾಟವನ್ನೇ ಬರೆದರೂ ಪೂರ್ತಿ ನಿಜ ಆಗುವುದಿಲ್ಲ ಅಂತ ನನಗನಿಸುತ್ತದೆ. ಎಷ್ಟೋ ರಾತ್ರಿ ಅವನು ಮಲಗುವುದೇ ಇಲ್ಲ. ಬೆಳಕು ಕಾಣದಿದ್ದರೆ ಹಗಲು ರಾತ್ರಿಯ ಲೆಕ್ಕ ಮೈಗೆ ಸಿಗುವುದು ಕಷ್ಟ. ನಾವು ಹೇಳದೆ ಎಲ್ಲಿಗಾದರೂ ಕರೆದುಕೊಂಡು ಹೋದರೆ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ. ಮಕ್ಕಳು ಅದನ್ನು ನೋಡಿ ಹುಚ್ಚು ಅನ್ನುತ್ತಾರೆ. ಅದು ಹುಚ್ಚಲ್ಲ, ಹೆದರಿಕೆ. ನಿಮ್ಮನ್ನು ಯಾರೋ ಇದ್ದಕ್ಕಿದ್ದಂತೆ ಎತ್ತಿಕೊಂಡು ಹೊರಟರೆ ನೀವೂ ಕಿರುಚುತ್ತೀರಿ ಅಲ್ವಾ? ಕಷ್ಟವನ್ನು ಮುಚ್ಚಿಡಬೇಡಿ. ಮಕ್ಕಳಿಗೆ ಕಾರಣ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನೊಂದು. ಪುಟ್ಟಿಯ ಅಮ್ಮನನ್ನು ಕೇಳದೆ ಕಥೆ ಹೇಳಬೇಡಿ. ಮೊದಲು ಅವರ ಮನೆಗೆ ಹೋಗಿ ಒಂದು ಲೋಟ ಟೀ ಕುಡಿದು ಬನ್ನಿ.

ನಲಿಕಲಿ ಮೇಷ್ಟ್ರು, ಹೊಳಲ್ಕೆರೆ

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬೇಡಿ. ನಮ್ಮ ಕ್ಲಾಸಿನಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, "ಈಗ ನಡೆಯಿರಿ, ಆ ಮಕ್ಕಳ ಕಷ್ಟ ಗೊತ್ತಾಗುತ್ತದೆ" ಅಂದೆ. ಎರಡು ನಿಮಿಷಕ್ಕೆ ಒಬ್ಬಳು ಅಳಲು ಶುರು ಮಾಡಿದಳು, ಒಬ್ಬ ಬೆಂಚಿಗೆ ತಾಗಿ ಬಿದ್ದ. ಕೊನೆಗೆ ಏನು ಕಲಿತಿರಿ ಅಂತ ಕೇಳಿದರೆ ಒಬ್ಬ ಹುಡುಗ "ಸಾರ್, ಹಾಗೆ ಬದುಕೋದಕ್ಕಿಂತ ಸತ್ತು ಹೋಗೋದೇ ವಾಸಿ" ಅಂದ. ನನ್ನ ಎದೆ ಧಸಕ್ಕೆಂದಿತು. ಎರಡು ನಿಮಿಷ ಕತ್ತಲೆಯಲ್ಲಿ ನಿಂತ ಮಗುವಿಗೆ ಕತ್ತಲೆಯ ಭಯ ಗೊತ್ತಾಗುತ್ತದೆ, ಹತ್ತು ವರ್ಷ ಕೈಯಿಂದ ಲೋಕ ಓದಿದ ಮಗುವಿನ ಜಾಣತನ ಗೊತ್ತಾಗುವುದಿಲ್ಲ.

ಮುಂದಿನ ವರ್ಷ ಬೇರೆ ಮಾಡಿದೆ. ಯಾರ ಕಣ್ಣಿಗೂ ಬಟ್ಟೆ ಇಲ್ಲ. ಒಂದು ಗೋಣಿಚೀಲದಲ್ಲಿ ಶೇಂಗಾಕಾಯಿ, ತೆಂಗಿನ ನಾರು, ಬೀಗದ ಕೈ, ಹುಣಸೆಬೀಜ, ಒಣಗಿದ ಬೇವಿನಸೊಪ್ಪು, ಗಾಳಿಪಟದ ದಾರ ಎಲ್ಲ ಹಾಕಿದೆ. ಕೈ ಹಾಕಿ ಹೇಳಬೇಕು. ಒಬ್ಬಳು ಶೇಂಗಾಕಾಯಿ ಮುಟ್ಟಿ "ಇದರೊಳಗೆ ಎರಡೇ ಕಾಳು" ಅಂದಳು! ಇಡೀ ಕ್ಲಾಸು ಅವಳ ಬೆರಳು ನೋಡಿತು.

ಆಮೇಲೆ ಬ್ರೈಲ್, ಅಂದರೆ ಬೆರಳಿಂದ ಮುಟ್ಟಿ ಓದುವ ಚುಕ್ಕೆ ಲಿಪಿ. ಮೊಟ್ಟೆ ಟ್ರೇಯಲ್ಲಿ ಆರು ಗುಳಿ ಬರುವ ಹಾಗೆ ಕತ್ತರಿಸಿ, ಎರಡು ಸಾಲು, ಸಾಲಿಗೆ ಮೂರು. ಎಡಗಡೆ ಮೇಲಿಂದ ಕೆಳಗೆ 1, 2, 3, ಬಲಗಡೆ 4, 5, 6. ಹುಣಸೆಬೀಜ ಇಟ್ಟರೆ ಚುಕ್ಕೆ. 1ರಲ್ಲಿ ಮಾತ್ರ ಬೀಜ ಇಟ್ಟರೆ "ಅ". 1 ಮತ್ತು 3 ಆದರೆ "ಕ". "ಮರ" ಬರೆಯಲು ಎರಡು ಟ್ರೇ ಸಾಕು, ಮೊದಲನೆಯದರಲ್ಲಿ 1, 3, 4, ಎರಡನೆಯದರಲ್ಲಿ 1, 2, 3, 5. ಮೂರು ವರ್ಷದವನಿದ್ದಾಗ ಅಪ್ಪನ ಚರ್ಮದ ಕೆಲಸದ ಕಾರ್ಯಾಗಾರದಲ್ಲಿ ಕಣ್ಣಿಗೆ ಪೆಟ್ಟು ಮಾಡಿಕೊಂಡ ಲೂಯಿ ಬ್ರೈಲ್ ಹದಿಹರೆಯದಲ್ಲೇ ಇದನ್ನು ಕಂಡುಹಿಡಿದ ಅಂದರೆ ಐದನೇ ಕ್ಲಾಸಿನವರು ಬಾಯಿ ಬಿಟ್ಟು ಕೇಳುತ್ತಾರೆ.

ಹರಿಹರದ ತಮ್ಮ

ನಮ್ಮಕ್ಕನಿಗೆ ಕಣ್ಣು ಕಿವಿ ಎರಡೂ ಇಲ್ಲ. ಈಗ ಅವಳಿಗೆ ಮೂವತ್ತು ದಾಟಿದೆ. ಒಂದೇ ಮಾತು ಹೇಳಬೇಕಿತ್ತು.

ಹೆಲೆನ್ ಕೆಲ್ಲರ್ ಹೆಸರು ಕೇಳಿ ಕೇಳಿ ನಮ್ಮಮ್ಮ ಸೋತು ಹೋಗಿದ್ದಳು. ಬಂದವರೆಲ್ಲ "ಅವಳು ಕಾಲೇಜು ಓದಲಿಲ್ಲವಾ, ನಿಮ್ಮ ಮಗಳೂ ಓದುತ್ತಾಳೆ" ಅನ್ನುತ್ತಿದ್ದರು. ಹೌದು, ಹೆಲೆನ್ 1904ರಲ್ಲಿ ಡಿಗ್ರಿ ಮುಗಿಸಿದರು, ದೊಡ್ಡ ವಿಷಯ. ಆದರೆ ಹೆಲೆನ್ 19 ತಿಂಗಳವರೆಗೆ ನೋಡಿದ್ದರು, ಕೇಳಿದ್ದರು, ನೀರಿಗೆ ಒಂದು ತೊದಲು ಮಾತು ಕೂಡ ಬರುತ್ತಿತ್ತು. ಜೊತೆಗೆ ಹಗಲಿಡೀ ಒಬ್ಬ ಟೀಚರ್. ನಮ್ಮಕ್ಕ ಹುಟ್ಟಿದ್ದೇ ಹೀಗೆ, ಮನೆಗೆ ಟೀಚರ್ ಬಂದಿದ್ದು ಅವಳಿಗೆ ಹದಿಮೂರು ವರ್ಷ ಆದ ಮೇಲೆ. ಅವಳು ಇವತ್ತು ಹೂ ಕಟ್ಟುತ್ತಾಳೆ. ಮಲ್ಲಿಗೆ, ಕನಕಾಂಬರ, ಮರುಗ ವಾಸನೆ ಹಿಡಿದು ಬೇರೆ ಮಾಡಿ, ಮಾರಿಗಿಷ್ಟು ಅಂತ ಅಳತೆ ತಪ್ಪದೆ ಕಟ್ಟುತ್ತಾಳೆ. ತನ್ನ ಜಾಗದಲ್ಲಿ ಬೇರೆಯವರು ಕೂತರೆ ಎಬ್ಬಿಸುತ್ತಾಳೆ. ಅಷ್ಟು ಸಾಕು ಅಂತ ನನಗನಿಸುತ್ತದೆ. ಪುಟ್ಟಿ ಮುಂದೆ ಏನೋ ಸಾಧಿಸುತ್ತಾಳೆ ಅಂತ ಮಕ್ಕಳಿಗೆ ಹೇಳಬೇಡಿ, ಈಗಲೇ ಅವಳ ಜೊತೆ ಆಡಬಹುದು ಅಂತ ಹೇಳಿ.

ಕೋಟೆ ಊರಿನ ಟೀಚರ್, ಚಿತ್ರದುರ್ಗ

ತಮ್ಮ, ನೀವು ಹೇಳಿದ್ದು ಸರಿ. ಹುಟ್ಟಿನಿಂದ ಬಂದಿದ್ದು ಬೇರೆ, ಆಮೇಲೆ ಬಂದಿದ್ದು ಬೇರೆ, ನಾನು ಅದನ್ನು ಬರೆಯಬೇಕಿತ್ತು. ಸುಮಾರು ಮಕ್ಕಳಿಗೆ ಸ್ವಲ್ಪ ಕಾಣುವುದು, ಸ್ವಲ್ಪ ಕೇಳುವುದು ಉಳಿದಿರುತ್ತದೆ, ಅದೂ ಮಗುವಿನಿಂದ ಮಗುವಿಗೆ ಬೇರೆ. ಆದರೂ ಮಾರ್ಥಾಳನ್ನು ನಾನು ಬಿಡುವುದಿಲ್ಲ.

ಕಥೆಮನೆ ಮೇಡಂ, ಪುಟ್ಟಿಯ ಅಮ್ಮನಿಗೆ ಇದನ್ನೂ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಕಣ್ಣು ಕಿವಿ ಎರಡೂ ಇಲ್ಲದಿರುವುದು ಬಹುವಿಧ ಅಂಗವೈಕಲ್ಯದಲ್ಲಿ ಸೇರುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸುವಾಗ ಎರಡನ್ನೂ ಬರೆಸಬೇಕು, ಒಂದನ್ನೇ ಬರೆಸಿ ಬಂದವರನ್ನು ತುಂಬಾ ನೋಡಿದ್ದೇನೆ. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಶೇಷ ಮಕ್ಕಳಿಗಾಗಿ ಬಿಐಇಆರ್‌ಟಿ ಅಂತ ಶಿಕ್ಷಕರು ಇರುತ್ತಾರೆ, ಮನೆಯಲ್ಲೇ ಕಲಿಸುವ ವ್ಯವಸ್ಥೆ ಬಗ್ಗೆ ಅವರನ್ನು ಕೇಳಲಿ.

ಭಾನುವಾರದ ಕಥೆಮನೆ, ದಾವಣಗೆರೆ

ತಡವಾಯಿತು, ಕ್ಷಮಿಸಿ. ನೀವೆಲ್ಲ ಇಷ್ಟು ಬರೆದಿದ್ದಕ್ಕೆ ಏನು ಹೇಳಲಿ ಗೊತ್ತಾಗುತ್ತಿಲ್ಲ. ಹಳೆಯ ಕಥೆಯನ್ನು ಹರಿದು ಹಾಕಿದೆ.

ಟೀ ಕುಡಿಯಲು ಹೋದೆ. ಪುಟ್ಟಿಯ ಅಮ್ಮ ಮೊದಲು ಹೆದರಿದರು, ಯಾರಾದರೂ ನಗುತ್ತಾರೆ ಅಂತ. ನಾಲ್ಕನೇ ಸಲ ಹೋದಾಗ ತಾವೇ ಹೇಳಿಕೊಟ್ಟರು. ಅವಳ ಹತ್ತಿರ ಹೋದರೆ ಮೊದಲು ತೋಳಿನ ಮೇಲೆ ಮೆಲ್ಲಗೆ ಕೈ ಇಟ್ಟು ಹಾಗೇ ಇರಬೇಕು, ಆಮೇಲೆ ನಿಮ್ಮ ಗುರುತು ತೋರಿಸಬೇಕು. ನನ್ನ ಗುರುತು ಮೂಗುಬೊಟ್ಟು. ಭಾನುವಾರ ಮಕ್ಕಳೆಲ್ಲ ಸೇರಿ ತಮ್ಮ ತಮ್ಮ ಗುರುತು ಹುಡುಕಿಕೊಂಡರು. ಒಬ್ಬಳಿಗೆ ಜಡೆ, ಒಬ್ಬನಿಗೆ ಮೊಣಕೈ ಮೇಲಿನ ಹಳೆ ಗಾಯದ ಗುರುತು. ಮುಖದ ಮುಂದೆ ಕೈ ಆಡಿಸಿದ ಹುಡುಗನಿಗೆ ಏನೂ ಸಿಗಲಿಲ್ಲ. ಮನೆಗೆ ಓಡಿ ಹೋಗಿ ಅವರಜ್ಜನ ತಾಮ್ರದ ಕಡಗ ಹಾಕಿಕೊಂಡು ಬಂದ.

ಕಥೆಗೆ ಬಾಯಾರಿದ ಕಾಗೆಯನ್ನು ಆರಿಸಿಕೊಂಡೆವು, ಮೇಷ್ಟ್ರ ಚೀಲದ ನೆನಪಿನಿಂದ. ಮಣ್ಣಿನ ಮಡಕೆ, ಅರ್ಧಕ್ಕಿಂತ ಕಡಿಮೆ ನೀರು, ಪಕ್ಕದಲ್ಲಿ ಒಂದು ಬುಟ್ಟಿ ಕಲ್ಲು, ಒಂದು ಕಾಗೆ ಗರಿ. ನಾನು ಬಾಯಲ್ಲಿ ಓದುತ್ತಿದ್ದೆ, ಪುಟ್ಟಿ ಮಡಕೆಯೊಳಗೆ ಕೈ ಇಟ್ಟಿದ್ದಳು, ಒಬ್ಬೊಬ್ಬರಾಗಿ ಮಕ್ಕಳು ಕಲ್ಲು ಹಾಕುತ್ತಿದ್ದರು. ನೀರು ಅವಳ ಬೆರಳ ತುದಿಗೆ ಬಂತು, ಬೆರಳ ಗೆಣ್ಣಿಗೆ ಬಂತು, ಅಂಗೈಗೆ ಬಂತು. ಪ್ರತಿ ಸಲ ಅವಳು ಉಸಿರು ಎಳೆದುಕೊಳ್ಳುತ್ತಿದ್ದಳು. ಮಕ್ಕಳೂ ಕೈ ಹಾಕುತ್ತೇವೆ ಅಂದರು. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆ, ನೀರು ಮೇಲೆ ಬರುವುದನ್ನು ಅವರಲ್ಲಿ ಒಬ್ಬರೂ ಕೈಯಿಂದ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ನೀರು ಮಣಿಕಟ್ಟಿಗೆ ಬಂದ ಮೇಲೆ ಕಥೆ ಮುಗಿಯಿತು ಅಂದುಕೊಂಡೆ. ಪುಟ್ಟಿ ಮಡಕೆ ಬಿಡಲಿಲ್ಲ. ತಾನೇ ಒಳಗಿಂದ ಒಂದೊಂದೇ ಕಲ್ಲು ತೆಗೆದು ಹೊರಗಿಟ್ಟಳು, ನೀರು ಕೆಳಗೆ ಇಳಿಯುವುದನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಕ್ಕಪಕ್ಕ ತಡಕಾಡಿ ಕಡಗದ ಕೈ ಹುಡುಕಿ, ಅದರಲ್ಲಿ ಒಂದು ಕಲ್ಲು ಇಟ್ಟಳು. ಅವನು ನನ್ನ ಮುಖ ನೋಡಿ, "ಆಂಟಿ, ಇನ್ನೊಂದ್ಸಲ ಅಂತಿದಾಳೆ" ಅಂದ. ಅದು ಅವಳಮ್ಮ ಹೇಳಿಕೊಟ್ಟ ಸನ್ನೆ ಅಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರು ಸಲ ಹೇಳಿದೆವು ಆ ಕಥೆಯನ್ನು. ಊಟದ ಹೊತ್ತು ಮೀರಿತ್ತು.

ಮುಂದಿನ ಭಾನುವಾರಕ್ಕೆ ಯಾವುದು ಮಾಡಲಿ? ಕೈಗೆ ಏನಾದರೂ ಸಿಗುವಂಥ ಕಥೆ ಬೇಕು. ಮಕ್ಕಳು ಕೋಟೆಗೆ ಹೋಗೋಣ, ಓಬವ್ವನ ಕಿಂಡಿ ಪುಟ್ಟಿಗೆ ಮುಟ್ಟಿ ತೋರಿಸೋಣ ಅನ್ನುತ್ತಿದ್ದಾರೆ. ಟೀಚರ್ ಮೇಡಂ, ಅಲ್ಲಿ ಕಲ್ಲಿನ ಮೆಟ್ಟಿಲು ಅವಳಿಗೆ ಆದೀತಾ? ಯಾವ ಹೊತ್ತಿಗೆ ಬಂದರೆ ಜನ ಕಡಿಮೆ ಇರುತ್ತಾರೆ?

ಕೋಟೆ ಊರಿನ ಟೀಚರ್, ಚಿತ್ರದುರ್ಗ

ಖಂಡಿತ ಆಗುತ್ತದೆ. ಬೆಳಿಗ್ಗೆ ಬೇಗ ಬನ್ನಿ, ಬಂಡೆ ಕಾಯುವ ಮುಂಚೆ. ಹೊರಡುವ ಹಿಂದಿನ ದಿನವೇ ಅವಳ ಕೈಗೆ ಒಂದು ಒರಟು ಕಲ್ಲು ಮತ್ತು ಚೀಲದ ಪಟ್ಟಿ ಕೊಡಿ, ನಾಳೆ ಎಲ್ಲಿಗೋ ಹೊರಟಿದ್ದೇವೆ ಅಂತ ಅವಳಿಗೂ ಗೊತ್ತಿರಲಿ. ಅವಳು ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ಇರಿ. ಕಿಂಡಿ ಹತ್ತಿರ ಅವಸರ ಮಾಡಬೇಡಿ. ಬಾಗಿಲ ಹತ್ತಿರ ನಾನು ಕಾಯುತ್ತಿರುತ್ತೇನೆ, ಎಡಗೈಗೆ ದಪ್ಪ ಪಟ್ಟಿಯ ವಾಚ್ ಕಟ್ಟಿಕೊಂಡು.